ನೂರು ಎಂಬಿಪಿಎಸ್ ಇದ್ದರೂ ವಾಟ್ಸಾಪ್ ಕಾಲ್ ಯಾಕೆ ತುಂಡು ತುಂಡಾಗುತ್ತದೆ

ನಮ್ಮಕ್ಕ ಇರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ನಾವು ಕೋಲಾರದಲ್ಲಿ. ಭಾನುವಾರ ರಾತ್ರಿ ಎಂಟೂವರೆಗೆ ಅವಳ ಕಾಲ್ ಬರುತ್ತದೆ, ಅಲ್ಲಿ ಆಗ ಬೆಳಿಗ್ಗೆ. ಅಪ್ಪ ಫೋನ್ ಎತ್ತಿದರೆ ಸಾಕು, ಮನೆಯಲ್ಲಿ ಒಂದು ಮೆರವಣಿಗೆ ಶುರುವಾಗುತ್ತಿತ್ತು. ರೂಮಿನಿಂದ ಹಾಲ್‌ಗೆ, ಹಾಲ್‌ನಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲಿಗೆ, ಕೊನೆಗೆ ಮಹಡಿಗೆ, ದಾರಿಯುದ್ದಕ್ಕೂ "ಹಲೋ, ಈಗ ಕೇಳಿಸ್ತಾ ಇದೆಯೇನಮ್ಮಾ, ಈಗ?" ಅಂತ ಕೂಗುತ್ತಾ. ಆ ಕಡೆಯಿಂದ ಅಕ್ಕನ ಮಾತು ಡಬ್ಬಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು, ಅದೂ ಅರ್ಧರ್ಧ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 40 ಎಂಬಿಪಿಎಸ್ ಪ್ಲಾನ್ ತೆಗೆದು 100 ಹಾಕಿಸಿದೆ. ತಿಂಗಳ ಬಿಲ್ ಜಾಸ್ತಿ ಆಯಿತು, ಕಾಲ್ ಹಾಗೇ ಇತ್ತು. ಕಂಪ್ಲೇಂಟ್ ಕೊಟ್ಟರೆ "ಸ್ಪೀಡ್ ಟೆಸ್ಟ್ ಮಾಡಿ ಸರ್" ಅಂದರು. ಮಾಡಿದೆ, 96 ಬಂತು. "ನೋಡಿ ಸರ್, ನಮ್ಮ ಕಡೆಯಿಂದ ಸರಿ ಇದೆ" ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಫೋನ್ ಮಾತಿಗೆ ಸ್ಪೀಡ್ ಬೇಕಾಗುವುದು ತೀರಾ ಕಡಿಮೆ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವುದು. ಇದು ತಲೆಗೆ ಹೋಗಲು ನನಗೆ ಮೂರು ವಾರ ಹಿಡಿಯಿತು, ನಿಮಗೆ ಅರ್ಧ ಗಂಟೆಯಲ್ಲಿ ಆಗಲಿ ಅಂತ ಬರೆಯುತ್ತಿದ್ದೇನೆ.

ಮಾತು ಹೋಗುವುದು ಹೇಗೆ

ಎಸ್‌ಟಿಡಿ ಬೂತ್ ನೆನಪಿದೆಯಾ? ಗಾಜಿನ ಗೂಡು, ಮೇಲೆ ಕೆಂಪು ಅಂಕಿಗಳು ಓಡುವ ಮೀಟರ್. ಆ ಕಾಲದ ಫೋನಿನಲ್ಲಿ ನೀವು ನಂಬರ್ ಒತ್ತಿದ ಮೇಲೆ ಇಲ್ಲಿಂದ ಅಲ್ಲಿಯವರೆಗೆ ಒಂದು ದಾರಿಯನ್ನು ನಿಮಗೊಬ್ಬರಿಗೇ ಕಾದಿರಿಸುತ್ತಿದ್ದರು. ನೀವು ಸುಮ್ಮನೆ ಕೂತರೂ ಆ ದಾರಿಯಲ್ಲಿ ಬೇರೆ ಯಾರೂ ಬರುವಂತಿರಲಿಲ್ಲ. ಹಾಗಾಗಿ ದುಡ್ಡು ಜಾಸ್ತಿ, ಮಾತು ಸ್ಪಷ್ಟ. ಇಂಟರ್ನೆಟ್‌ನಲ್ಲಿ ಯಾರಿಗೂ ಸ್ವಂತ ದಾರಿ ಇಲ್ಲ. ನಿಮ್ಮ ಮಾತು, ಪಕ್ಕದ ಮನೆಯ ಸಿನಿಮಾ, ಎದುರುಗಡೆ ಅಂಗಡಿಯ ಸಿಸಿಟಿವಿ ಎಲ್ಲ ಒಂದೇ ರೋಡಿನಲ್ಲಿ ಹೋಗುತ್ತವೆ.

ನಮ್ಮೂರಿನ ಮಾತಿನಲ್ಲೇ ಹೇಳುತ್ತೇನೆ. ಟೊಮೆಟೊ ಮಂಡಿ ಗೊತ್ತಲ್ಲ, ತೋಟದಿಂದ ಹಣ್ಣನ್ನು ಸಡಿಲವಾಗಿ ಸುರಿದುಕೊಂಡು ಯಾರೂ ಬರುವುದಿಲ್ಲ, ಕ್ರೇಟ್‌ಗೆ ತುಂಬಿ ತರುತ್ತಾರೆ. ಫೋನ್ ಕೂಡ ನಿಮ್ಮ ಮಾತನ್ನು ಹಾಗೇ ತುಂಬುತ್ತದೆ. ಹಳೆಯ ಲೆಕ್ಕದಲ್ಲಿ ಮೈಕ್ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ, ಒಂದೊಂದು ಅಳತೆಯನ್ನು 8 ಬಿಟ್‌ನಲ್ಲಿ ಬರೆಯುತ್ತದೆ. ಗುಣಿಸಿ ನೋಡಿ, ಸೆಕೆಂಡಿಗೆ 64,000 ಬಿಟ್, ಅಂದರೆ 64 ಕೆಬಿಪಿಎಸ್. ಜಿ.711 ಅನ್ನುವ 1972ರ ಈ ಪದ್ಧತಿ ಆಫೀಸಿನ ಐಪಿ ಫೋನ್‌ಗಳಲ್ಲಿ, ಅಂದರೆ ನೆಟ್ ಮೂಲಕ ಮಾತು ಕಳಿಸುವ ಫೋನ್‌ಗಳಲ್ಲಿ, ಈಗಲೂ ಇದೆ. ಹೀಗೆ ಅಳೆದು ಬರೆಯುವ ಪದ್ಧತಿಗೆ ಕೋಡೆಕ್ ಅಂತ ಹೆಸರು. ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚಾಗಿ ಇರುವುದು 2012ರಲ್ಲಿ ಬಂದ ಓಪಸ್ ಎಂಬ ಕೋಡೆಕ್. ಅದು ಜಾಣ. ನೆಟ್ ಚೆನ್ನಾಗಿದ್ದರೆ ಧಾರಾಳವಾಗಿ ತುಂಬುತ್ತದೆ, ನೆಟ್ ಸೊರಗಿದರೆ 6 ಕೆಬಿಪಿಎಸ್‌ವರೆಗೂ ಹಿಂಡಿ ಕಳಿಸುತ್ತದೆ.

ಈ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತಾರೆ. ಸೆಕೆಂಡಿಗೆ 50 ಕ್ರೇಟ್ ಅಂದುಕೊಳ್ಳಿ. ಜಿ.711 ಆದರೆ ಒಂದು ಕ್ರೇಟಿನಲ್ಲಿ 160 ಬೈಟ್ (ಒಂದು ಬೈಟ್ ಅಂದರೆ 8 ಬಿಟ್) ಮಾತು, ಅದರ ಮೇಲೆ ಅಂಟಿಸಿದ ಚೀಟಿ 40 ಬೈಟ್. ಎಲ್ಲಿಗೆ ಹೋಗಬೇಕು, ಎಷ್ಟನೇ ನಂಬರ್, ಯಾವ ಹೊತ್ತಿನ ಮಾತು ಅನ್ನುವುದೆಲ್ಲ ಆ ಚೀಟಿಯಲ್ಲಿರುತ್ತದೆ. ಒಟ್ಟು 200 ಬೈಟ್, ಸೆಕೆಂಡಿಗೆ 50. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ 80 ಕೆಬಿಪಿಎಸ್. ನಿಮ್ಮ 100 ಎಂಬಿಪಿಎಸ್ ಇದರ 1,250 ಪಟ್ಟು! ನಾನು 40ರಿಂದ 100ಕ್ಕೆ ಹೋಗಿದ್ದು ಒಂದು ಸೈಕಲ್ ಓಡಿಸಲು ನಾಲ್ಕು ಲೇನ್ ರೋಡನ್ನು ಆರು ಲೇನ್ ಮಾಡಿಸಿದ ಹಾಗೆ.

ಈಗ ಮುಖ್ಯ ವಿಷಯ. ಮಂಡಿಗೆ ಕ್ರೇಟ್ ಬಂದರೆ ಸಾಲದು, ಹರಾಜಿಗೆ ಮೊದಲು ಬರಬೇಕು. ಹರಾಜು ಮುಗಿದ ಮೇಲೆ ಬಂದ ಕ್ರೇಟು ದಾರಿಯಲ್ಲಿ ಬಿದ್ದುಹೋದ ಕ್ರೇಟಿಗೆ ಸಮ. ಫೈಲ್ ಡೌನ್‌ಲೋಡ್ ಮಾಡುವಾಗ ಒಂದು ತುಣುಕು ಕಳೆದುಹೋದರೆ ಕಂಪ್ಯೂಟರ್ "ಏಳನೇ ನಂಬರ್ ಬಂದಿಲ್ಲ, ಮತ್ತೆ ಕಳಿಸು" ಅಂತ ಕೇಳಿ ತರಿಸಿಕೊಳ್ಳುತ್ತದೆ. ಅದು ಟಿಸಿಪಿ ಪದ್ಧತಿ. ಮಾತಿನಲ್ಲಿ ಹಾಗೆ ಕೇಳುತ್ತಾ ಕೂತರೆ ಅಷ್ಟರಲ್ಲಿ ಅಕ್ಕ ಮುಂದಿನ ವಾಕ್ಯ ಮುಗಿಸಿರುತ್ತಾಳೆ. ಅದಕ್ಕೇ ಕಾಲ್‌ಗಳು ಸಾಮಾನ್ಯವಾಗಿ ಯುಡಿಪಿ ಎಂಬ ಪದ್ಧತಿ ಹಿಡಿಯುತ್ತವೆ. ಕಳಿಸಿದ್ದಾಯಿತು, ಬಂದದ್ದು ಬಂತು, ಹೋದದ್ದು ಹೋಯಿತು.

ಯೂಟ್ಯೂಬ್ ಸರಾಗವಾಗಿ ಓಡುತ್ತದೆ, ಕಾಲ್ ಮಾತ್ರ ಯಾಕೆ ಹೀಗೆ ಅಂತ ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಯೂಟ್ಯೂಬ್ ಮುಂದಿನ ಭಾಗವನ್ನು ಮೊದಲೇ ತಂದು ಗುಡ್ಡೆ ಹಾಕಿಕೊಂಡಿರುತ್ತದೆ. ನಡುವೆ ನೆಟ್ ಮೂರು ಸೆಕೆಂಡ್ ನಿಂತರೂ ನಿಮಗೆ ತಿಳಿಯುವುದೇ ಇಲ್ಲ. ಅಕ್ಕ ಇನ್ನೂ ಆಡದ ಮಾತನ್ನು ಮೊದಲೇ ತಂದಿಡಲು ಯಾರಿಂದ ಆಗುತ್ತದೆ?

ಆದರೂ ಫೋನ್ ಒಂದು ಸಣ್ಣ ಉಪಾಯ ಮಾಡುತ್ತದೆ. ಬಂದ ತುಣುಕನ್ನು ಆ ಕ್ಷಣವೇ ಬಿಚ್ಚದೆ, ಒಂದೆರಡು ಕೂಡಿಟ್ಟುಕೊಂಡು, ನಂಬರ್ ಪ್ರಕಾರ ಜೋಡಿಸಿ, ಒಂದೇ ಸಮನಾಗಿ ಕೇಳಿಸುತ್ತದೆ. ಇದಕ್ಕೆ ಜಿಟರ್ ಬಫರ್ ಅನ್ನುತ್ತಾರೆ. ತುಣುಕುಗಳು ತೀರಾ ಏರುಪೇರಾಗಿ ಬಂದರೆ ಈ ಗುಡ್ಡೆಯನ್ನು ದೊಡ್ಡದು ಮಾಡಬೇಕು, ಗುಡ್ಡೆ ದೊಡ್ಡದಾದಷ್ಟೂ ಮಾತು ತಡ. ಯಾವುದೋ ಒಂದು ತುಣುಕು ಬರಲೇ ಇಲ್ಲ ಅಂದರೆ ಹಿಂದಿನ ದನಿಯನ್ನೇ ಸ್ವಲ್ಪ ಎಳೆದು ತೇಪೆ ಹಾಕುತ್ತದೆ. ಒಂದೆರಡು ತೇಪೆ ಕಿವಿಗೆ ಗೊತ್ತಾಗುವುದಿಲ್ಲ. ಸಾಲಾಗಿ ಹತ್ತು ತೇಪೆ ಬಿದ್ದರೆ ಅಕ್ಕ ರೋಬೋ ಥರ ಮಾತಾಡುತ್ತಾಳೆ.

ನೋಡಬೇಕಾದ ಮೂರು ಅಂಕಿ

ತಡ, ಏರುಪೇರು, ನಷ್ಟ. ಇಷ್ಟೇ. ಇಂಗ್ಲಿಷಿನಲ್ಲಿ ಲೇಟೆನ್ಸಿ, ಜಿಟರ್, ಪ್ಯಾಕೆಟ್ ಲಾಸ್ ಅಂತ ಬರೆದಿರುತ್ತದೆ.

ತಡ ಅಂದರೆ ನಿಮ್ಮ ಬಾಯಿಂದ ಅವರ ಕಿವಿಗೆ ಹೋಗಲು ಹಿಡಿಯುವ ಹೊತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಯಲ್ಲಿ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ, 400 ದಾಟಿದರೆ ಮಾತಾಡುವುದೇ ಕಷ್ಟ. ತಡ ಜಾಸ್ತಿಯಾದಾಗ ಮಾತು ತುಂಡಾಗುವುದಿಲ್ಲ, ಇಬ್ಬರೂ ಒಟ್ಟಿಗೆ ಶುರು ಮಾಡುತ್ತೀರಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೀರಿ, "ನೀನು ಹೇಳು", "ಇಲ್ಲ ನೀನೇ ಹೇಳು" ಅಂತ. ಇದರಲ್ಲಿ ಸ್ವಲ್ಪ ಭಾಗವನ್ನು ದೇವರು ಬಂದರೂ ಕಡಿಮೆ ಮಾಡಲು ಆಗುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೋಲಾರದಿಂದ ಬೆಂಗಳೂರಿಗೆ 70 ಕಿಲೋಮೀಟರ್ ಹತ್ತಿರ, ಅದು ಅರ್ಧ ಮಿಲಿಸೆಕೆಂಡಿನ ಮಾತೂ ಅಲ್ಲ. ಡಲ್ಲಾಸ್‌ಗೆ ನೇರ ಗೆರೆ ಎಳೆದರೂ 15 ಸಾವಿರ ಕಿಲೋಮೀಟರ್ ಹತ್ತಿರ, ಅಂದರೆ ಬರೀ ದಾರಿಗೇ 75 ಮಿಲಿಸೆಕೆಂಡ್. ಸಮುದ್ರದ ಕೇಬಲ್ ನೇರ ಗೆರೆಯಲ್ಲಿ ಹೋಗುವುದೂ ಇಲ್ಲ, ಸುತ್ತಿ ಬಳಸಿ ಹೋಗುತ್ತದೆ. ಹಾಗಾಗಿ ಅಮೆರಿಕದ ಕಾಲ್‌ನಲ್ಲಿ ನಮ್ಮ 150ರ ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ದಾರಿ ಖರ್ಚಿಗೇ ಹೋಯಿತು. ಉಳಿದದ್ದನ್ನು ಮನೆಯಲ್ಲಿ ಪೋಲು ಮಾಡಬಾರದು, ಅಷ್ಟೇ ನಮ್ಮ ಕೈಯಲ್ಲಿರುವುದು.

ಏರುಪೇರು 30 ಮಿಲಿಸೆಕೆಂಡ್ ಒಳಗೆ, ನಷ್ಟ ನೂರಕ್ಕೆ ಒಂದರ ಒಳಗೆ ಇದ್ದರೆ ನಿಶ್ಚಿಂತೆ. ಮಾತು ತುಂಡಾಗುತ್ತಿದೆ ಅಂದರೆ ಈ ಎರಡರಲ್ಲಿ ಒಂದು ಕೆಟ್ಟಿದೆ ಅಂತಲೇ ಇಟ್ಟುಕೊಳ್ಳಿ.

ತೊಂದರೆ ಎಲ್ಲಿದೆ ಅಂತ ಹಿಡಿಯುವುದು

ಇದನ್ನು ಬಿಟ್ಟು ಬೇರೇನನ್ನೂ ಓದದಿದ್ದರೂ ಪರವಾಗಿಲ್ಲ. ನಾವು ಮಾಡುವುದು ಪಿಂಗ್ ಪರೀಕ್ಷೆ, ಅಂದರೆ ಒಂದು ವಿಳಾಸಕ್ಕೆ ಸಣ್ಣ ತುಣುಕು ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುವುದು. ಒಂದು ಲ್ಯಾಪ್‌ಟಾಪ್ ಬೇಕು. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಪಿಂಗ್ (ping) ಅಂತ ಬರೆದು, ಜಾಗ ಬಿಟ್ಟು ನಿಮ್ಮ ರೌಟರ್‌ನ ವಿಳಾಸ ಹಾಕಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ರೌಟರ್‌ನ ಹೊಟ್ಟೆಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತಾರೆ. ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ತಾಗಿಸಿ ಟಿ ಅಕ್ಷರ (-t). ಎಂಟರ್ ಒತ್ತಿದರೆ ಸೆಕೆಂಡಿಗೊಂದು ಸಾಲು ಬರುತ್ತಾ ಹೋಗುತ್ತದೆ. ಕಂಟ್ರೋಲ್ ಹಿಡಿದು ಸಿ ಒತ್ತಿದರೆ ನಿಂತು, ಕೊನೆಯಲ್ಲಿ ಎಷ್ಟು ಹೋಯಿತು ಎಷ್ಟು ಬಂತು ಅಂತ ಲೆಕ್ಕ ಕೊಡುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲ್‌ನಲ್ಲೂ ಪಿಂಗ್ ಮಾಡುವ ಉಚಿತ ಆ್ಯಪ್‌ಗಳಿವೆ.

ಲ್ಯಾಪ್‌ಟಾಪನ್ನು ನೀವು ಯಾವಾಗಲೂ ಕೂತು ಮಾತಾಡುವ ಜಾಗಕ್ಕೇ ತೆಗೆದುಕೊಂಡು ಹೋಗಿ ನೋಡಿ, ರೌಟರ್ ಪಕ್ಕ ಕೂತು ಅಲ್ಲ. ರೌಟರ್‌ಗೆ ಹೋಗಿಬರಲು 2, 3, 5 ಮಿಲಿಸೆಕೆಂಡ್ ಅಂತ ಒಂದೇ ಸಮ ಬರುತ್ತಿದ್ದರೆ ಮನೆಯೊಳಗಿನ ವೈಫೈ ಸರಿ ಇದೆ. 3, 4, 180, 5, 240, ಆಮೇಲೆ ಟೈಮ್ಡ್ ಔಟ್ (ಉತ್ತರವೇ ಬರಲಿಲ್ಲ) ಅಂತ ಕುಣಿಯುತ್ತಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಗ ಕಂಪನಿಯವರಿಗೆ ಫೋನ್ ಮಾಡಿ ಜಗಳ ಆಡುವುದು ದಂಡ.

ಮನೆಯೊಳಗೆ ಸರಿ ಇದ್ದರೆ ವಿಳಾಸ ಬದಲಿಸಿ 8.8.8.8 ಹಾಕಿ. ಅದು ಮನೆಯ ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ, ನಮ್ಮ ಕಡೆಯ ಫೈಬರ್‌ನಿಂದ ಸಾಮಾನ್ಯವಾಗಿ ಬೇಗ ಉತ್ತರ ಬರುತ್ತದೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಅದು ಸ್ಥಿರವಾಗಿದೆಯಾ ಅನ್ನುವುದು ಮುಖ್ಯ. 20, 21, 20 ಬಂದರೆ ಒಳ್ಳೆಯದು. 15, 90, 22, 140 ಬಂದರೆ ಸರಾಸರಿ ಎಷ್ಟೇ ಇರಲಿ, ಕಾಲ್ ಹಾಳು. ಇನ್ನೊಂದು ಮಾತು, ಪಿಂಗ್ ತೋರಿಸುವುದು ಹೋಗಿಬರುವ ಹೊತ್ತು, ಮೇಲೆ ಹೇಳಿದ 150 ಒಂದು ದಿಕ್ಕಿನದು.

ಇಷ್ಟಕ್ಕೇ ನಿಲ್ಲಿಸಬೇಡಿ. ನಾನು ಮೊದಲ ಸಲ ನಿಲ್ಲಿಸಿ ಎರಡು ವಾರ ಹಾಳು ಮಾಡಿಕೊಂಡೆ. ಸೋಮವಾರ ಬೆಳಿಗ್ಗೆ ನೋಡಿದೆ, ಎಲ್ಲ ಚೆನ್ನಾಗಿತ್ತು. ಕಾಲ್ ಕೆಡುವುದು ಭಾನುವಾರ ರಾತ್ರಿ, ನೋಡಬೇಕಾದದ್ದೂ ಭಾನುವಾರ ರಾತ್ರಿಯೇ ಅಲ್ವಾ? ಮೂರನೇ ವಾರ ಕಾಲ್ ಬರುವ ಹೊತ್ತಿಗೇ ಪಿಂಗ್ ಹಾಕಿ ಕೂತೆ. 8.8.8.8ಕ್ಕೆ 18, 19, 18 ಅಂತ ಇದ್ದದ್ದು ಒಮ್ಮೆಲೇ 400 ದಾಟಿತು. ಒಂದು ಗಂಟೆ ಇಳಿಯಲೇ ಇಲ್ಲ.

ಕಾರಣ ನಮ್ಮ ತಮ್ಮ. ಅವನು ಮದುವೆ ಫೋಟೋ ವಿಡಿಯೋ ಕೆಲಸ ಮಾಡುತ್ತಾನೆ. ಭಾನುವಾರ ಮುಹೂರ್ತ ಮುಗಿಸಿ ಬಂದು, ಸ್ನಾನ ಮಾಡಿ, ಎಂಟು ಗಂಟೆಗೆ ದಿನದ ವಿಡಿಯೋವನ್ನೆಲ್ಲ ಬೆಂಗಳೂರಿನ ಎಡಿಟರ್‌ಗೆ ಅಪ್‌ಲೋಡ್‌ಗೆ ಹಾಕಿ ಊಟಕ್ಕೆ ಕೂರುತ್ತಾನೆ. ಎಂಟೂವರೆಗೆ ಅಕ್ಕನ ಕಾಲ್.

ಅಪ್‌ಲೋಡ್ ಎಂಬ ಮರೆತ ದಿಕ್ಕು

ನಾವೆಲ್ಲ ಡೌನ್‌ಲೋಡ್ ಸ್ಪೀಡ್ ನೋಡುತ್ತೇವೆ. ಮಾತು ಎರಡೂ ಕಡೆ ಹೋಗಬೇಕು. ಮನೆಯಿಂದ ಹೊರಗೆ ಹೋಗುವ ದಾರಿ ತುಂಬಿದರೆ ರೌಟರ್ ಏನು ಮಾಡುತ್ತದೆ ಗೊತ್ತಾ, ಬಂದದ್ದನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಟೋಲ್ ಗೇಟ್‌ನಲ್ಲಿ ನಲವತ್ತು ಲಾರಿಗಳ ಹಿಂದೆ ಒಂದು ಸ್ಕೂಟರ್ ನಿಂತ ಹಾಗೆ. ಸ್ಕೂಟರ್‌ಗೆ ಬೇಕಾದ ಜಾಗ ಎಷ್ಟು, ಅಂಗೈಯಷ್ಟು. ಆದರೆ ಸಾಲು ಕರಗುವವರೆಗೂ ಅದು ಕಾಯಲೇಬೇಕು. ಹೀಗೆ ಹೊತ್ತು ಮೀರಿ ಬಂದ ಮಾತಿನ ತುಣುಕು ಹರಾಜು ಮುಗಿದ ಮೇಲೆ ಬಂದ ಕ್ರೇಟಿನ ಹಾಗೆ, ನಷ್ಟದ ಲೆಕ್ಕಕ್ಕೇ. ಈ ಕಾಯಿಲೆಗೆ ಬಫರ್‌ಬ್ಲೋಟ್ ಅನ್ನುತ್ತಾರೆ. ರೌಟರ್ ಮಾಡುವವರು ಒಂದು ತುಣುಕೂ ಕಳೆದುಹೋಗಬಾರದು ಅಂತ ಉದ್ದುದ್ದ ಸಾಲು ನಿಲ್ಲಲು ಜಾಗ ಕೊಟ್ಟಿದ್ದಾರೆ, ಅದೇ ಮಾತಿಗೆ ಉರುಳು.

ನನ್ನ 100 ಎಂಬಿಪಿಎಸ್ ಪ್ಲಾನ್ ಯಾಕೆ ಕೆಲಸಕ್ಕೆ ಬರಲಿಲ್ಲ ಅಂತ ಈಗ ಅರ್ಥವಾಗಿರಬೇಕು. ಅಪ್‌ಲೋಡ್‌ಗೆ ಹಾಕಿದ ಲ್ಯಾಪ್‌ಟಾಪ್ ಎಷ್ಟು ಅಗಲದ ದಾರಿ ಕೊಟ್ಟರೂ ಅಷ್ಟನ್ನೂ ತುಂಬಲು ನೋಡುತ್ತದೆ. 40 ಕೊಟ್ಟರೆ 40, ನೂರು ಕೊಟ್ಟರೆ ನೂರು. ತಮ್ಮನ ಕೆಲಸ ಬೇಗ ಮುಗಿಯುತ್ತಿತ್ತು, ಅವನಿಗೆ ಖುಷಿ. ದುಡ್ಡು ಕಟ್ಟಿದವನು ನಾನು.

ಪರಿಹಾರ ಸುಲಭ. ಒಂದು, ಅಪ್‌ಲೋಡ್‌ಗೆ ಕಡಿವಾಣ ಹಾಕಿ. ಗೂಗಲ್ ಡ್ರೈವ್‌ನ ಕಂಪ್ಯೂಟರ್ ಆ್ಯಪ್‌ನಲ್ಲಿ ಅಪ್‌ಲೋಡ್ ಸ್ಪೀಡ್‌ಗೆ ಮಿತಿ ಹಾಕುವ ಸೆಟ್ಟಿಂಗ್ ಇದೆ. ಲೈನಿನ ಪೂರ್ತಿ ಅಳತೆಗಿಂತ ಸ್ವಲ್ಪ ಕೆಳಗೆ ಇಟ್ಟರೆ ಸಾಲೇ ನಿಲ್ಲುವುದಿಲ್ಲ. ನಾವು ಅರ್ಧಕ್ಕೆ ಇಟ್ಟೆವು. ಎರಡು, ರೌಟರ್‌ನಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ (ಸಾಲನ್ನು ನಿಭಾಯಿಸುವ ಸೆಟ್ಟಿಂಗ್) ಅಂತ ಇದ್ದರೆ ಹಾಕಿ, ಲೈನಿನ ನಿಜವಾದ ಸ್ಪೀಡ್‌ನ ನೂರಕ್ಕೆ 85-90 ಭಾಗವನ್ನು ಮಿತಿಯಾಗಿ ಕೊಡಿ. ಎಸ್‌ಕ್ಯೂಎಂ ಇರುವ ರೌಟರ್ ಲಾರಿಗಳ ನಡುವೆ ಸ್ಕೂಟರ್‌ಗೆ ದಾರಿ ಬಿಡಿಸುತ್ತದೆ. ಕನೆಕ್ಷನ್ ಜೊತೆ ಪುಕ್ಕಟೆ ಕೊಡುವ ರೌಟರ್‌ಗಳಲ್ಲಿ ಹೆಚ್ಚಾಗಿ ಇದು ಇರುವುದಿಲ್ಲ, ಅಥವಾ ಹೆಸರಿಗೆ ಇರುತ್ತದೆ. ಮೂರು, ಏನೂ ಬೇಡ, ಹತ್ತು ಗಂಟೆಯ ಮೇಲೆ ಅಪ್‌ಲೋಡ್ ಮಾಡೋ ಅಂತ ತಮ್ಮನಿಗೆ ಹೇಳಿ.

ನಿಮ್ಮ ಮನೆಯಲ್ಲಿ ವಿಡಿಯೋ ಮಾಡುವ ತಮ್ಮ ಇಲ್ಲದಿರಬಹುದು. ಆದರೆ ಮೊಬೈಲ್‌ನ ಫೋಟೋ ಬ್ಯಾಕಪ್ ಇದ್ದೇ ಇರುತ್ತದೆ. ಜಾತ್ರೆ, ಮದುವೆ ಮುಗಿಸಿ ಬಂದು ನಾಲ್ಕು ಜನರ ಫೋನ್ ಒಟ್ಟಿಗೆ ವೈಫೈ ಹಿಡಿದವು ಅಂದರೆ ನಾಲ್ಕೂ ಅಪ್‌ಲೋಡ್ ಶುರು ಮಾಡುತ್ತವೆ. ಗೇಟಿನ ವೈಫೈ ಕ್ಯಾಮೆರಾ ಕ್ಲೌಡ್‌ಗೆ ರೆಕಾರ್ಡ್ ಮಾಡುತ್ತಿದ್ದರೆ ಅದೂ ಹಗಲೂ ರಾತ್ರಿ ಮೇಲಕ್ಕೆ ಕಳಿಸುತ್ತಲೇ ಇರುತ್ತದೆ, ಅದರ ಆ್ಯಪ್‌ನಲ್ಲಿ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ.

ಕಲ್ಲಿನ ಗೋಡೆ ಮತ್ತು ವೈಫೈ

ತಮ್ಮನಿಗೆ ಹೇಳಿದ ಮೇಲೆ ಮುಕ್ಕಾಲು ಪಾಲು ಸರಿ ಹೋಯಿತು. ಉಳಿದ ಕಾಲು ಪಾಲು ಅಪ್ಪನ ರೂಮು. ಅದು ಹಳೆ ಮನೆಯ ಭಾಗ, ಕಲ್ಲಿನ ಗೋಡೆ, ಮೇಲೆ ಚಪ್ಪಡಿ. ಬೇಸಿಗೆಯಲ್ಲಿ ತಂಪು, ವೈಫೈಗೆ ಕೋಟೆ. ರೌಟರ್ ಇದ್ದದ್ದು ಹೊಸ ಹಾಲ್‌ನಲ್ಲಿ, ಟಿವಿ ಹಿಂದೆ, ಪಕ್ಕದಲ್ಲಿ ಕಬ್ಬಿಣದ ಬೀರು. ಲೈನ್ ಎಳೆಯಲು ಬಂದ ಹುಡುಗನಿಗೆ ಯಾವುದು ಹತ್ತಿರವೋ ಅಲ್ಲೇ ಹೊಡೆದು ಹೋಗಿದ್ದ, ನಾವೂ ಚೆಂದ ಕಾಣಲಿ ಅಂತ ಟಿವಿ ಹಿಂದೆ ತಳ್ಳಿದ್ದೆವು.

ರೌಟರ್ ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇರಬೇಕು. ಕಬ್ಬಿಣ, ಕನ್ನಡಿ, ನೀರಿನ ಟ್ಯಾಂಕ್, ಮೈಕ್ರೋವೇವ್ ಒಲೆ ಇವುಗಳಿಂದ ದೂರ. ಅದರಲ್ಲಿ ಎರಡು ಹೆಸರಿನ ವೈಫೈ ಬರುತ್ತಿದ್ದರೆ ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಮೊದಲನೆಯದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ಜಂಗುಳಿ. ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು, 1, 6, 11. ಊರಿನ ಒತ್ತೊತ್ತು ಮನೆಗಳ ಬೀದಿಯಲ್ಲಿ ಇಪ್ಪತ್ತು ರೌಟರ್‌ಗಳು ಆ ಮೂರನ್ನೇ ಹಂಚಿಕೊಳ್ಳುತ್ತವೆ. ಒಂದೇ ರೂಮಿನಲ್ಲಿದ್ದರೆ 5 ಹಿಡಿಯಿರಿ. ಗೋಡೆ ಆಚೆ ಇದ್ದರೆ 2.4 ಹಿಡಿದು ಚಾನೆಲ್ ಬದಲಿಸಿ ನೋಡಿ.

ಕಲ್ಲಿನ ಗೋಡೆಗೆ ಇವೆಲ್ಲ ಅರೆಬರೆ ಮದ್ದು. ನಾನು ರೌಟರ್‌ನಿಂದ ಅಪ್ಪನ ರೂಮಿಗೆ 15 ಮೀಟರ್ ಲ್ಯಾನ್ ವೈರ್ ಎಳೆದು, ಅಲ್ಲಿ ಒಂದು ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ ಇಟ್ಟೆ, ಅಂದರೆ ವೈರ್‌ನಲ್ಲಿ ಬಂದ ನೆಟ್ ಅನ್ನು ಅಲ್ಲೇ ವೈಫೈ ಮಾಡಿ ಹರಡುವ ಡಬ್ಬಿ. ವೈರ್ ಎಳೆಯಲು ಆಗುವ ಜಾಗದಲ್ಲಿ ವೈಫೈ ರಿಪೀಟರ್‌ಗೆ ದುಡ್ಡು ಸುರಿಯಬೇಡಿ. ಅದು ಕೇಳಿಸಿಕೊಂಡದ್ದನ್ನೇ ಮತ್ತೆ ಕೂಗುವ ಡಬ್ಬಿ, ಪ್ರತಿ ತುಣುಕೂ ಗಾಳಿಯಲ್ಲಿ ಎರಡೆರಡು ಸಲ ಹೋಗಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ಪಾಸಾಗುತ್ತದೆ, ಕಾಲ್‌ನಲ್ಲಿ ಫೇಲ್.

ಮೊಬೈಲ್ ಡೇಟಾದಲ್ಲಿ ಮಾತಾಡುವವರಿಗೆ

ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಆದರೂ ಕಾಲ್ ಸರಿ ಇಲ್ಲ ಅನ್ನುವವರೇ ಜಾಸ್ತಿ. ಕಡ್ಡಿ ಹೇಳುವುದು ಟವರ್ ಎಷ್ಟು ಚೆನ್ನಾಗಿ ಕಾಣುತ್ತಿದೆ ಅನ್ನುವುದನ್ನು, ಆ ಟವರ್ ಮೇಲೆ ಎಷ್ಟು ಜನ ನೇತಾಡುತ್ತಿದ್ದಾರೆ ಅನ್ನುವುದನ್ನಲ್ಲ. ರಾತ್ರಿ ಊಟದ ಹೊತ್ತು ಕಳೆದು, ಎಲ್ಲರೂ ರೀಲ್ಸ್ ನೋಡುವಾಗ ಒಂದೇ ಟವರ್‌ನ ಜಾಗವನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ಅಂತರಗಂಗೆ ಬೆಟ್ಟದ ಬುಡದಂಥ ಕಡೆ ಬಂಡೆಯೇ ಅಡ್ಡ ನಿಲ್ಲುತ್ತದೆ. ಅಲ್ಲಿ ಇಪ್ಪತ್ತು ಹೆಜ್ಜೆ ಆಚೀಚೆ ನಡೆದರೂ ವ್ಯತ್ಯಾಸ ಗೊತ್ತಾಗುತ್ತದೆ. ಓಡುವ ಬಸ್ಸಿನಲ್ಲಿ ಒಂದು ಟವರ್‌ನಿಂದ ಇನ್ನೊಂದಕ್ಕೆ ಕೈ ಬದಲಾಗುವಾಗ ಒಂದೆರಡು ತುಣುಕು ಬೀಳುವುದು ಸಹಜ.

ಇಲ್ಲೊಂದು ಸ್ವಾರಸ್ಯ ಇದೆ. ಈಗಿನ 4ಜಿ ಸಿಮ್‌ನಲ್ಲಿ ನೀವು ಮಾಮೂಲಿ ನಂಬರ್ ಒತ್ತಿ ಮಾಡುವ ಕಾಲ್ ಕೂಡ ಒಳಗೆ ಇಂಟರ್ನೆಟ್ ಪದ್ಧತಿಯ ಕಾಲೇ. ವೋಲ್ಟೆ ಅನ್ನುವುದು ಅದನ್ನೇ. ಆದರೆ ಟವರ್ ಅದಕ್ಕೆ ಬೇರೆ ಲೇನ್ ಕೊಟ್ಟು ಮೊದಲು ಬಿಡುತ್ತದೆ. ವಾಟ್ಸಾಪ್ ಕಾಲ್ ಮಾತ್ರ ರೀಲ್ಸ್ ಜೊತೆ ಮಾಮೂಲಿ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ಮುಳಬಾಗಿಲಿನ ಮಾವನ ಹತ್ತಿರ ಮಾತಾಡಲು ವಾಟ್ಸಾಪ್ ಯಾಕೆ? ಪ್ಲಾನ್‌ನಲ್ಲಿ ಕಾಲ್ ಹೇಗೂ ಉಚಿತ, ನಂಬರ್ ಒತ್ತಿ. ಮನೆಯೊಳಗೆ ಸಿಗ್ನಲ್ ಇಲ್ಲ, ವೈಫೈ ಇದೆ ಅನ್ನುವವರು ಫೋನ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಹಾಕಿಕೊಳ್ಳಿ, ನಂಬರ್ ಅದೇ, ದಾರಿ ಮಾತ್ರ ವೈಫೈ.

ದನಿ ಕೇಳಿಯೇ ರೋಗ ಹೇಳುವುದು

ರೋಬೋ ದನಿ, ನಡುನಡುವೆ ಖಾಲಿ ಅಂದರೆ ನಷ್ಟ ಅಥವಾ ಏರುಪೇರು. ಮೇಲೆ ಬರೆದದ್ದೆಲ್ಲ ಅದಕ್ಕೇ.

ನಿಮ್ಮ ದನಿ ನಿಮಗೇ ಮರುದನಿಯಾಗಿ ಕೇಳಿಸುತ್ತಿದೆಯಾ? ನಿಮ್ಮ ಫೋನ್ ಬಿಚ್ಚಲು ಹೋಗಬೇಡಿ. ಹೆಚ್ಚಿನ ಸಲ ತಪ್ಪು ಆ ಕಡೆಯದು. ಅವರ ಸ್ಪೀಕರ್‌ನಿಂದ ಹೊರಟ ನಿಮ್ಮ ಮಾತು ಅವರ ಮೈಕ್‌ಗೆ ಹೊಕ್ಕು ವಾಪಸ್ ಬರುತ್ತಿದೆ. ಸ್ಪೀಕರ್ ಆಫ್ ಮಾಡಲು ಅಥವಾ ಇಯರ್‌ಫೋನ್ ಹಾಕಲು ಅವರಿಗೆ ಹೇಳಿ. ಇದೊಂದು ಗೊತ್ತಿಲ್ಲದೆ ನಾನು ಅಪ್ಪನಿಗೆ ಹೊಸ ಫೋನ್ ಕೊಡಿಸುವವರೆಗೆ ಹೋಗಿದ್ದೆ, ಕೊನೆಗೆ ನೋಡಿದರೆ ಅಕ್ಕ ಅಡುಗೆ ಮಾಡುತ್ತಾ ಸ್ಪೀಕರ್ ಹಾಕಿ ಫೋನನ್ನು ಕಟ್ಟೆಯ ಮೇಲೆ ಒರಗಿಸಿರುತ್ತಿದ್ದಳು.

ಬ್ಲೂಟೂತ್ ಹಾಕಿದಾಗ ಮಾತ್ರ ದನಿ ಮಂಕಾದರೆ ನೆಟ್ ಅನ್ನು ಬೈಯಬೇಡಿ. ಮೈಕ್ ಶುರುವಾದ ಕೂಡಲೇ ಹೆಚ್ಚಿನ ಬ್ಲೂಟೂತ್ ಸೆಟ್‌ಗಳು ಹಾಡಿನ ಗುಣಮಟ್ಟ ಬಿಟ್ಟು ಕಡಿಮೆ ಗುಣಮಟ್ಟದ ಮಾತಿನ ಕ್ರಮಕ್ಕೆ ಇಳಿಯುತ್ತವೆ. ವೈರ್ ಇಯರ್‌ಫೋನ್ ಚುಚ್ಚಿ ನೋಡಿ.

ರಿಂಗ್ ಆಗುತ್ತದೆ, ಎತ್ತುತ್ತಾರೆ, ಒಬ್ಬರ ಮಾತು ಮಾತ್ರ ಕೇಳುತ್ತದೆ ಅಂದರೆ ಕಥೆ ಬೇರೆ. ರಿಂಗ್ ಮಾಡಿಸುವುದು ಸರ್ವರ್‌ನ ಕೆಲಸ, ಆಮೇಲೆ ಮಾತಿನ ತುಣುಕುಗಳು ಆದಷ್ಟು ನೇರವಾಗಿ ಫೋನ್‌ನಿಂದ ಫೋನ್‌ಗೆ ಹೋಗಲು ನೋಡುತ್ತವೆ. ನಮ್ಮ ರೌಟರ್‌ಗಳ ಹಿಂದೆ ಎಲ್ಲರ ಫೋನಿಗೂ ಹೊರಗೆ ಕಾಣುವ ವಿಳಾಸ ಒಂದೇ, ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿಂದ ಬಂದವರಿಗೆ ಯಾವ ಬಾಗಿಲು ಅಂತ ತಿಳಿಯದಿದ್ದರೆ ಆ್ಯಪ್ ನಡುವೆ ಒಂದು ರಿಲೇ ಸರ್ವರ್ ಹಿಡಿದು ಮಾತು ದಾಟಿಸುತ್ತದೆ. ಆಗ ದಾರಿ ಸುತ್ತಾಗಬಹುದು, ತಡ ಹೆಚ್ಚಬಹುದು. ವಾಟ್ಸಾಪ್‌ನ ಪ್ರೈವೆಸಿಯಲ್ಲಿ ಅಡ್ವಾನ್ಸ್ಡ್ ಅಂತ ಇದೆ, ಅಲ್ಲಿ 'ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್' ಆನ್ ಆಗಿದ್ದರೆ ನಿಮ್ಮ ಕಾಲ್‌ಗಳೆಲ್ಲ ಅವರ ಸರ್ವರ್ ಮೂಲಕವೇ ಸುತ್ತುತ್ತವೆ. ಗೊತ್ತಿಲ್ಲದವರ ಜೊತೆ ಮಾತಾಡುವವರಿಗೆ ಅದು ಒಳ್ಳೆಯದೇ. ಬರೀ ಮನೆಯವರ ಜೊತೆ ಮಾತಾಡುವ ಅಪ್ಪನ ಫೋನಿನಲ್ಲಿ ನಾನು ಆಫ್ ಮಾಡಿದೆ. ವಿಪಿಎನ್ (ನೆಟ್ ಅನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ಆ್ಯಪ್) ಹಾಕಿಕೊಂಡಿದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ.

ಅಂಗಡಿ, ಕ್ಲಿನಿಕ್‌ನಲ್ಲಿ ಐಪಿ ಫೋನ್ ಇಟ್ಟವರಿಗೆ ಒಂದೇ ಸೂಚನೆ. ಒಂದೇ ಕಡೆ ಮಾತು ಕೇಳುವುದು, ಅಥವಾ ಸರಿಯಾಗಿ ಅರ್ಧ ನಿಮಿಷಕ್ಕೆ ಕಾಲ್ ಕಟ್ ಆಗುವುದು ಇದ್ದರೆ ರೌಟರ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವುದನ್ನು ಆಫ್ ಮಾಡಿ. ಅದು ಐಪಿ ಫೋನ್ ಕಾಲ್‌ಗಳಿಗೆ ಸಹಾಯಕ್ಕೆ ಅಂತ ಇಟ್ಟದ್ದು, ಮಾಡುವುದು ಉಪದ್ರವವೇ ಜಾಸ್ತಿ.

ದುಬೈನಲ್ಲಿ ಕೆಲಸಕ್ಕಿರುವವರ ಮನೆಯವರು ಇದ್ಯಾವುದನ್ನೂ ಪರೀಕ್ಷೆ ಮಾಡಬೇಕಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕಾಲ್‌ಗೇ ತಡೆ ಇದೆ, ಮೆಸೇಜ್ ಹೋಗುತ್ತದೆ, ಕಾಲ್ ಕೂಡುವುದಿಲ್ಲ. ಅಲ್ಲಿ ಅನುಮತಿ ಇರುವ ಆ್ಯಪ್ ಯಾವುದು ಅಂತ ಅವರನ್ನೇ ಕೇಳಿ, ಅದನ್ನೇ ಇಲ್ಲೂ ಹಾಕಿಕೊಳ್ಳಿ.

ವಿಡಿಯೋ ಕಾಲ್ ಕಷ್ಟಪಡುತ್ತಿದ್ದರೆ ಮೊದಲು ವಿಡಿಯೋ ಆಫ್ ಮಾಡಿ. ಮುಖಕ್ಕೆ ಬೇಕಾಗುವ ಜಾಗ ಮಾತಿಗಿಂತ ಹತ್ತಾರು ಪಟ್ಟು. ಮೊಮ್ಮಗುವನ್ನು ಐದು ನಿಮಿಷ ತೋರಿಸಿ, ಆಮೇಲೆ ಮಾತಿಗೆ ಇಳಿಯುವುದು ನಮ್ಮ ಮನೆಯ ಈಗಿನ ಒಪ್ಪಂದ.

ಕರೆಂಟ್, 112, ಮತ್ತು ಲೈನ್ ಹುಡುಗ

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ತಂದ ಜಿಲ್ಲೆ ನಮ್ಮದು. ಆದರೂ ಮಳೆ ಹನಿಯುವ ಮೊದಲೇ ಕರೆಂಟ್ ಹೋಗುತ್ತದೆ, ಏನು ಹೇಳೋಣ. ಹಳೆಯ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಫೈಬರ್ ಹಾಗಲ್ಲ, ಡಬ್ಬಿ ಆರಿದರೆ ಮಾತೂ ಆರಿತು. ರೌಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಬರೆದಿದೆಯಾ 9 ಬರೆದಿದೆಯಾ, ಎಷ್ಟು ಆಂಪಿಯರ್ ಅಂತ ನೋಡಿಕೊಂಡು ಹೋಗಿ. ಫೈಬರ್ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು.

ತುರ್ತಿಗೆ 112 ಒತ್ತುವುದು ಫೋನಿನ ಮಾಮೂಲಿ ಡಯಲರ್‌ನಲ್ಲೇ. ವಾಟ್ಸಾಪ್ ಕಾಲ್‌ನಿಂದ 112 ಸಿಗುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಮಾಡಿ ತೋರಿಸಿಡಿ.

ಇನ್ನು, ಮನೆಯೊಳಗೆ ಎಲ್ಲ ನೋಡಿ ಆಯಿತು, ರೌಟರ್‌ವರೆಗೆ ಪಿಂಗ್ ಚೆನ್ನಾಗಿದೆ, ಯಾರೂ ಅಪ್‌ಲೋಡ್ ಮಾಡುತ್ತಿಲ್ಲ, ಆದರೂ 8.8.8.8 ಕುಣಿಯುತ್ತಿದೆ ಅಂದರೆ ಆಗ ಕಂಪನಿಗೆ ಫೋನ್ ಮಾಡಿ. "ನೆಟ್ ಸ್ಲೋ ಇದೆ" ಅನ್ನಬೇಡಿ, ಅಂದರೆ ಮತ್ತೆ ಸ್ಪೀಡ್ ಟೆಸ್ಟ್‌ಗೇ ಹೋಗುತ್ತಾರೆ. ಮೂರು ದಿನ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ, ಪಿಂಗ್ ಸಾಲುಗಳ ಫೋಟೋ ತೆಗೆದಿಟ್ಟು, "ಪ್ಯಾಕೆಟ್ ಲಾಸ್ ನೂರಕ್ಕೆ ಇಷ್ಟು, ರಾತ್ರಿ ಇಷ್ಟು ಗಂಟೆಗೆ" ಅಂತ ಹೇಳಿ. ಲೈನ್ ಹುಡುಗ ಬಂದಾಗ ಫೈಬರ್ ಪವರ್ ಎಷ್ಟಿದೆ ಅಳೆದು ತೋರಿಸಪ್ಪಾ ಅಂತ ಕೇಳಿ. ಅಂಕಿ ಮೈನಸ್‌ನಲ್ಲಿರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 27ರ ಹತ್ತಿರ ಹೋಗಿದ್ದರೆ ಬೆಳಕು ಸೊರಗಿದೆ, ಎಲ್ಲೋ ವೈರ್ ಮಡಚಿದೆ, ಇಲ್ಲವೇ ಜೋಡಣೆ ಸಡಿಲವಾಗಿದೆ. ನಮ್ಮ ಮನೆಯಲ್ಲಿ ಕಿಟಕಿ ಮುಚ್ಚುವಾಗಲೆಲ್ಲ ವೈರ್ ಚೌಕಟ್ಟಿಗೆ ಸಿಕ್ಕಿ ಚೂಪಾಗಿ ಮಡಚುತ್ತಿತ್ತು. ಹುಡುಗ ಗೋಡೆಗೆ ಒಂದು ತೂತು ಕೊರೆದು ವೈರನ್ನು ಅಲ್ಲಿಂದ ದಾಟಿಸಿದ, ಟೀ ಕುಡಿದು ಹೋದ.